ಶುಕ್ರವಾರದ ಹೆಸರುಗಳು

ಮಹದೇವಪುರ
9 ಜನವರಿ 2025

ದಿವ್ಯ,

ಫೋನು ಮಾಡಬೇಡ, ಹೇಳುವುದೇನಿದ್ದರೂ ಬರೆದು ಕಳಿಸು ಎಂದು ಮೆಸೇಜು ಹಾಕಿದ್ದೆಯಲ್ಲ, ಅದಕ್ಕೇ ಈ ಕಾಗದ. ಎಸ್ಸೆಸ್ಸೆಲ್ಸಿ ಆದ ಮೇಲೆ ಸಹಿ ಬಿಟ್ಟು ಬೇರೇನನ್ನೂ ಬರೆದವನಲ್ಲ ನಾನು. ಅಕ್ಷರ ಕಾಗೆಕಾಲು ಗುಬ್ಬಿಕಾಲು, ಸಹಿಸಿಕೋ. 'ನಾವೆಲ್ಲ ಕ್ಷೇಮ' ಎಂದು ಶುರು ಮಾಡಬೇಕೆಂದು ವೈಷ್ಣವಿ ಹೇಳಿಕೊಟ್ಟಳು. ಅವಳು ನನ್ನ ಮಗಳು. ನೀನು ಮನೆ ಬಿಟ್ಟ ಮೂರು ವರ್ಷಕ್ಕೆ ಹುಟ್ಟಿದವಳು, ಈಗ ಒಂಬತ್ತನೇ ಕ್ಲಾಸು. ನಿಮ್ಮ ಅಂಗಡಿಯ ನಂಬರನ್ನು ಹುಡುಕಿ ಕೊಟ್ಟವಳೂ ಅವಳೇ. ಮೊಬೈಲಿನಲ್ಲಿ 'ಜಯಪಾಲ ಹಾರ್ಮೋನಿಯಂ ವರ್ಕ್ಸ್, ಬೆಟಗೇರಿ' ಎಂದು ಅವಳು ಓದಿದಾಗ ಮೊಬೈಲು ಈಸಿಕೊಂಡು ನಾನೇ ಇನ್ನೊಮ್ಮೆ ಓದಿದೆ.

ಹೇಗೆ ಹೇಳಲಿ ತಿಳಿಯುತ್ತಿಲ್ಲ, ನೇರವಾಗಿಯೇ ಹೇಳುತ್ತೇನೆ. ಹೋದ ನವೆಂಬರಿನಲ್ಲಿ ನಾನು ದೀಕ್ಷಾಸ್ನಾನ ತಗೊಂಡೆ. ನಿನ್ನ ಗಂಡನ ದೇವರೇ ಈಗ ನನ್ನ ದೇವರು. ಕುಡಿತ ಬಿಟ್ಟು ಒಂಬತ್ತು ತಿಂಗಳಾಯಿತು. ನೀರಿನ ಟ್ಯಾಂಕರುಗಳನ್ನು ಓಡಿಸುತ್ತಲೇ ಇದ್ದೇನೆ, ಆದರೆ ಹುಡುಗರನ್ನು ಕಟ್ಟಿಕೊಂಡು ಬಾಡಿಗೆಯವರನ್ನು ಎಬ್ಬಿಸುವ ಆ ಇನ್ನೊಂದು ಕೆಲಸ ನಿಂತಿದೆ. ಬೆಳಿಗ್ಗೆ ಎದ್ದಾಗ ಬೇರೆ ಯಾರದೋ ಮನೆಯಲ್ಲಿ ಮಲಗಿದ್ದೆನೇನೋ ಅನಿಸುತ್ತದೆ. ಗೋಡೆ ಅದೇ, ಫ್ಯಾನು ಅದೇ, ಎದ್ದು ಕೂತವನು ಮಾತ್ರ ನನಗೆ ಅಷ್ಟಾಗಿ ಪರಿಚಯವಿಲ್ಲದವನು.

ಇನ್ನೊಂದನ್ನು ಬರೆಯಲು ಹೋಗಿ ಮೂರು ಹಾಳೆ ಹರಿದೆ. ಜಯಪಾಲ ಭಾವ ಕೆಲಸಕ್ಕಿದ್ದ ಶಿವಾಜಿನಗರದ ವಾದ್ಯದಂಗಡಿಯ ಮುಂದೆ ಅವರ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಶಟರ್ ಎಳೆದವನು ನಾನೇ. ಹುಡುಗರು ಮಾಡಿದರು ಎಂದು ಊರಲ್ಲಿ ಹೇಳಿಕೊಂಡು ಬಂದೆ. ಹುಡುಗರು ಬರೀ ಹಿಡಿದುಕೊಂಡಿದ್ದರು.

ಭಾವನನ್ನು ನೋಡಬೇಕು. ಕಾಲು ಹಿಡಿದು ಕೇಳಿಕೊಳ್ಳಬೇಕು. ಅವರು ಒದ್ದರೂ ಸರಿ. ಯಾವತ್ತು ಬರಲಿ ಎಂದು ಬರೆ. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಸೀನ


ಬೆಟಗೇರಿ
2 ಫೆಬ್ರವರಿ 2025

ಶ್ರೀನಿವಾಸ್ ಅವರಿಗೆ,

ಕಾಗದ ಬಂತು. ಮೂರು ವಾರ ಅದನ್ನು ಮೇಜಿನ ಮೇಲಿಟ್ಟುಕೊಂಡು ಇತ್ತ ಕಡೆಯಿಂದ ಅತ್ತ ಕಡೆಗೆ ಸರಿಸಿದೆ, ಅಷ್ಟೆ.

ಊರ ಭಜನೆಮಂದಿರದ ಹಾರ್ಮೋನಿಯಂ ರಿಪೇರಿಗೆ ಬಂದ ಒಬ್ಬ ಕ್ರೈಸ್ತ ಹುಡುಗನನ್ನು ನಾನು ಮದುವೆಯಾದೆ. ಆ ತಪ್ಪಿಗೆ ಅವರ ಕೈ ಮುರಿದಿರಿ, ಮೂರು ಬೆರಳು ಮತ್ತೆ ಮಡಚಲೇ ಇಲ್ಲ. ಚಿಕ್ಕಪ್ಪ ಚಿಕ್ಕಮುನಿಯಪ್ಪನವರು ಕೆರೆಯ ದಡದಲ್ಲಿ ನಿಂತು ನಾನು ಸತ್ತೆನೆಂದು ಎಳ್ಳುನೀರು ಬಿಟ್ಟರಂತೆ. ಅಮ್ಮ ತೀರಿಕೊಂಡದ್ದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ, ಅದೂ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನಮ್ಮೂರಿನ ಯಾರೋ ಬಾಯಿತಪ್ಪಿ ಹೇಳಿದ್ದರಿಂದ. ಈಗ ನೀವೇ ಕ್ರೈಸ್ತರಾಗಿದ್ದೇನೆ ಎಂದು ಬರೆಯುತ್ತೀರಿ. ನಗಬೇಕೋ ಅಳಬೇಕೋ ಹೇಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಮ್ಮನೇ ಹೇಳುತ್ತಿದ್ದಳು.

ಮಹದೇವಪುರದ ಜಮೀನು ಮಾರಲು ಮಗಳ ಸಹಿಯೂ ಬೇಕು ಎಂಬುದು ನನಗೆ ಗೊತ್ತಿದೆ. ವಿಷಯ ಅದೇ ಆಗಿದ್ದರೆ ಇಷ್ಟು ಸುತ್ತಿ ಬಳಸುವ ಅಗತ್ಯವಿಲ್ಲ. ಪತ್ರ ಕಳಿಸಿ, ಸಹಿ ಹಾಕಿ ವಾಪಸು ಕಳಿಸುತ್ತೇನೆ. ನನಗೆ ಅಲ್ಲಿನ ಮಣ್ಣು ಬೇಡ.

ನೀವು ಇಲ್ಲಿಗೆ ಬರುವುದು ಬೇಡ. ಅವರು ಯಾರನ್ನೂ ನೋಡುವ ಸ್ಥಿತಿಯಲ್ಲಿಲ್ಲ.

ದಿವ್ಯ ಜಯಪಾಲ


ಮಹದೇವಪುರ
14 ಫೆಬ್ರವರಿ 2025

ದಿವ್ಯ,

ಜಮೀನಿನ ಮಾತಿಗೆ ಬೇಜಾರಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಯೋಚಿಸುತ್ತಿದ್ದೆ. ಯಾವ ಪತ್ರವೂ ಬರುವುದಿಲ್ಲ. ನಿನ್ನ ಪಾಲು ನಿನ್ನದೇ ಎಂದು ಚಿಕ್ಕಪ್ಪನ ಮುಂದೆ ಹೇಳಿದ ದಿನದಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಭಾವನಿಗೆ ಹುಷಾರಿಲ್ಲ ಎಂದು ಓದಿ ಸಂಕಟವಾಯಿತು. ಏನಾಗಿದೆ ಎಂದು ನೀನು ಬರೆದಿಲ್ಲ, ನಾನೂ ಕೇಳುವುದಿಲ್ಲ. ನನಗೆ ಏನಾಯಿತು ಎಂದು ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿನ್ನಿಷ್ಟ.

ಹೋದ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಬೆಂಗಳೂರೇ ನೀರಿಗೆ ಬಾಯಿ ಬಿಡುತ್ತಿತ್ತಲ್ಲ, ಆಗಿನ ಮಾತು. ಡ್ರೈವರ್ ಫಹೀಮ್ ರಜೆಯಲ್ಲಿದ್ದ, ಟ್ಯಾಂಕರನ್ನು ನಾನೇ ತಗೊಂಡು ಹೋದೆ. ಕಾಕ್ಸ್‌ಟೌನಿನ ಒಂದು ಗಲ್ಲಿ. ದೊಡ್ಡ ಮಳೆಮರಗಳು, ತುದಿಯಲ್ಲೊಂದು ಬೇಕರಿ, ನಡುವೆ ಹಂಚಿನ ಮನೆಯೊಂದನ್ನು ಪ್ರಾರ್ಥನಾಮಂದಿರ ಮಾಡಿಕೊಂಡಿದ್ದರು. ನೆಲದಡಿಯ ನೀರಿನ ಸಂಪಿನೊಳಗೆ ಪೈಪು ಇಳಿಸಿ ಮೆಟ್ಟಿಲ ಮೇಲೆ ಕೂತೆ. ಬೆಳಿಗ್ಗೆಯೇ ಒಂದು ಕ್ವಾರ್ಟರ್ ಹಾಕಿದ್ದೆ. ಮಧ್ಯಾಹ್ನದ ಬಿಸಿಲು ಎಲೆಗಳ ಸಂದಿಯಿಂದ ಇಳಿದು ಕಾಲ ಮೇಲೆ ಆಡುತ್ತಿತ್ತು. ಬನ್ನು ಬೇಯುವ ವಾಸನೆ. ಸಂಪಿನ ಕತ್ತಲಲ್ಲಿ ನೀರು ಬೀಳುವ ಸದ್ದು. ಕಣ್ಣು ಎಳೆಯುತ್ತಿತ್ತು. ಒಳಗೆ ಹೆಂಗಸರು ಒಂದೊಂದೇ ಹೆಸರು ಓದುತ್ತಿದ್ದರು, ಓದಿ ಗುನುಗುತ್ತಿದ್ದರು. ಲಿಖಿತ್, ಬಿಡದ ಜ್ವರ. ಎದುರುಮನೆಯ ಲೈಬಾ, ಕಾಲೇಜಿನ ಪರೀಕ್ಷೆ. ಹೀಗೇ. ನಾನು ಅರ್ಧ ನಿದ್ದೆಯಲ್ಲಿದ್ದೆ. ಆಗ ಬಂತು: ಶ್ರೀನಿವಾಸ್, ಮಹದೇವಪುರ, ಕೈ ಗುಣವಾಗಲಿ.

ಸಂಜೆ ಹೊತ್ತು ಹೊಲದ ಆಚೆಯಿಂದ ಅಮ್ಮ ಊಟಕ್ಕೆ ಕರೆಯುತ್ತಿದ್ದಳಲ್ಲ, ಹಾಗೆ ಕೇಳಿಸಿತು. ಮರುಗಳಿಗೆಯೇ ನಿದ್ದೆ ಹಾರಿ ತಲೆ ಕೆಟ್ಟಿತು. ಯಾರೋ ನನಗೆ ಮಾಟ ಮಾಡಿಸುತ್ತಿದ್ದಾರೆ, ಹೆಸರು ಊರು ಹೇಳಿ ಕೈ ಕಟ್ಟುತ್ತಿದ್ದಾರೆ ಎಂದುಕೊಂಡೆ. ಜಾಕ್ ರಾಡು ಹಿಡಿದು ಒಳಗೆ ನುಗ್ಗಿದೆ. ಐದಾರು ಜನ ಮುದುಕಿಯರು ಚಾಪೆಯ ಮೇಲೆ ಕೂತಿದ್ದರು. ಶ್ರೀನಿವಾಸ ಅಂದರೆ ನಾನೇ, ನನ್ನ ಹೆಸರು ಯಾಕೆ ಎತ್ತುತ್ತೀರಿ ಎಂದು ಕೂಗಿದೆ. ಅವರಲ್ಲಿ ಜ್ಞಾನಮ್ಮ ಎಂದೊಬ್ಬರು, ಎಂಬತ್ತು ದಾಟಿದವರು, ಕನ್ನಡಕ ಸರಿಮಾಡಿಕೊಂಡು ನನ್ನ ಕೈಯನ್ನೇ ನೋಡಿದರು. ರಾಡನ್ನಲ್ಲ, ಕೈಯನ್ನು.

"ನೀನೇನಾ ಪಾ? ಕೈ ಸರಿಹೋಯ್ತಾ?" ಅಂದರು. "ಎಷ್ಟು ವರ್ಷದಿಂದ ಕೇಳ್ತಾ ಇದೀವಿ ನಿಂಗೋಸ್ಕರ."

ಶ್ರೀನಿವಾಸ ಎಂದರೆ ಕೈಗೆ ಲಕ್ವ ಹೊಡೆದ ಯಾರೋ ರೋಗಿ ಎಂದು ಅವರು ತಿಳಿದಿದ್ದರು. ರಾಡು ಹಿಡಿದು ಎತ್ತಿದ್ದ ಕೈಯನ್ನು ನೋಡಿ, ಇಷ್ಟು ಚೆನ್ನಾಗಿ ಎತ್ತುತ್ತಾನಲ್ಲ ಎಂದು ಒಬ್ಬಾಕೆ ಸ್ತೋತ್ರ ಹೇಳತೊಡಗಿದಳು. ನನಗೆ ಕೈ ಇಳಿಸಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಆ ಕೈ ಏನೇನು ಮಾಡಿದೆ ಎನ್ನುವುದು ಒಂದೊಂದಾಗಿ ಕಣ್ಣ ಮುಂದೆ ಬಂತು. ರಾಡು ಕೆಳಗಿಟ್ಟು ಅಲ್ಲೇ ಚಾಪೆಯ ಅಂಚಿನಲ್ಲಿ ಕೂತೆ. ಹೊರಗೆ ಸಂಪು ತುಂಬಿ ಹರಿದು ಗಲ್ಲಿಯೆಲ್ಲ ನೀರಾಗಿತ್ತು.

ಮುಂದಿನ ಶುಕ್ರವಾರ ಮತ್ತೆ ಹೋದೆ. ಅದರ ಮುಂದಿನ ಶುಕ್ರವಾರವೂ ಹೋದೆ. ಮೊದಲು ಸರಿಹೋಗು, ಆಮೇಲೆ ಬಾ ಎಂದು ಅವರು ಹೇಳಿದ್ದರೆ ನಾನು ಈ ಜನ್ಮದಲ್ಲಿ ಹೋಗುತ್ತಿರಲಿಲ್ಲ ದಿವ್ಯ. ಬಾಡಿಗೆಯವರ ಪಾತ್ರೆಪಗಡವನ್ನು ಬೀದಿಗೆಸೆದು ಬಂದು ನಾನು ಬಾರಿನಲ್ಲಿ ಕೂರುತ್ತಿದ್ದ ಶುಕ್ರವಾರಗಳಲ್ಲೇ ಆ ಮುದುಕಿಯರು ಊಟ ಬಿಟ್ಟು ನನಗಾಗಿ ಬೇಡುತ್ತಿದ್ದರು. ರಕ್ಷಣೆ ಎಂದು ಅವರು ಹೇಳುವುದು ಇದನ್ನೇ ಎಂದು ಪಾಸ್ಟರು ಹೇಳಿದರು. ನಾನು ಸರಿಯಾಗುವುದನ್ನು ಕಾಯದೆ ನನ್ನನ್ನು ಹುಡುಕಿಕೊಂಡು ಬಂದದ್ದು. ನನಗೆ ಅಷ್ಟು ಮಾತ್ರ ಅರ್ಥವಾಗಿದೆ.

ನನ್ನ ಹೆಸರು ಅಲ್ಲಿಗೆ ಕೊಟ್ಟವರು ಯಾರೆಂದು ಅವರಿಗೂ ನೆನಪಿಲ್ಲ. ನೀನಾ? ಭಾವನ ಹೆಸರನ್ನೂ ಈಗ ಪುಸ್ತಕದಲ್ಲಿ ಬರೆಸಿದ್ದೇನೆ. ಜಯಪಾಲ, ಬೆಟಗೇರಿ, ಆರೋಗ್ಯಕ್ಕಾಗಿ. ಪ್ರತಿ ಶುಕ್ರವಾರ ಓದುತ್ತಾರೆ.

ಸೀನ


ಬೆಟಗೇರಿ
3 ಮಾರ್ಚ್ 2025
(ಇದನ್ನು ಕಳಿಸುವುದಿಲ್ಲ)

ಸೀನಣ್ಣ,

ಕಳಿಸುವುದಿಲ್ಲ ಎಂದು ಮೇಲೆಯೇ ಬರೆದುಕೊಂಡಿದ್ದರಿಂದ ಅಣ್ಣ ಎಂದಿದ್ದೇನೆ.

ಜಯಪಾಲ ತೀರಿಕೊಂಡು ನಾಲ್ಕು ವರ್ಷವಾಗುತ್ತಾ ಬಂತು. ಕೊರೋನಾದ ಎರಡನೇ ಅಲೆಯ ಸಮಯದಲ್ಲಿ, ಮೇ ಹದಿನಾಲ್ಕಕ್ಕೆ. ಅಂಗಡಿಯ ಬೋರ್ಡು ತೆಗೆಯಲು ಮನಸ್ಸಾಗಲಿಲ್ಲ, ಅದನ್ನು ನೋಡಿ ನೀನು ಅವರು ಬದುಕಿದ್ದಾರೆಂದು ತಿಳಿದೆ. ನೋಡುವ ಸ್ಥಿತಿಯಲ್ಲಿಲ್ಲ ಎಂದು ನಾನು ಬರೆದದ್ದು ಸುಳ್ಳಲ್ಲ, ಆದರೆ ಸುಳ್ಳಿಗಿಂತ ಕೆಟ್ಟದ್ದು. ಈಗ ಕಾಕ್ಸ್‌ಟೌನಿನ ಮುದುಕಿಯರು ಊಟ ಬಿಟ್ಟು, ಸತ್ತವರ ಆರೋಗ್ಯಕ್ಕಾಗಿ ಬೇಡುತ್ತಿದ್ದಾರೆ. ಓದಿ ನಕ್ಕೆ. ನಗುತ್ತ ನಗುತ್ತ ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು.

ಯಾಕೆ ಹೇಳುತ್ತಿಲ್ಲ ಗೊತ್ತೆ? ಹೇಳಿದರೆ ನೀನು ಅಳುತ್ತೀಯ. ಯಾರೋ ಬೆನ್ನು ಸವರಿ, ದೇವರು ಕ್ಷಮಿಸಿದ್ದಾನೆ ಬಿಡು ಎನ್ನುತ್ತಾರೆ. ನೀನು ಹಗುರಾಗಿ ಮನೆಗೆ ಹೋಗುತ್ತೀಯ. ನಿನಗೆ ಹಗುರಾಗುವುದು ನನಗೆ ಬೇಡ. ಅವರು ಬದುಕಿದ್ದಾರೆ, ನಿನ್ನನ್ನು ನೋಡಲು ಒಪ್ಪುತ್ತಿಲ್ಲ ಎಂದು ನೀನು ಕೊರಗುತ್ತಿರಬೇಕು. ಅಮ್ಮನ ಸಾವನ್ನು ನೀನು ನನ್ನಿಂದ ಮುಚ್ಚಿಟ್ಟೆ, ನಾನು ಇವರದನ್ನು ನಿನ್ನಿಂದ ಮುಚ್ಚಿಡುತ್ತೇನೆ.

ಆ ಮೂರು ಬೆರಳು ಹೋದ ಮೇಲೆ ಅವರಿಗೆ ರೀಡು ಉಜ್ಜುವುದು ಆಗುತ್ತಿರಲಿಲ್ಲ. ಹಾರ್ಮೋನಿಯಂ ಒಳಗಿನ ಹಿತ್ತಾಳೆ ನಾಲಿಗೆಯನ್ನು ಕೂದಲೆಳೆಯಷ್ಟು ಉಜ್ಜಿದರೆ ಸ್ವರ ಏರುತ್ತದೆ, ಇಳಿಯುತ್ತದೆ. ಅವರು ಕಣ್ಣು ಮುಚ್ಚಿ ಕೇಳುವರು, ನಾನು ಉಜ್ಜುವೆನು. ಹದಿಮೂರು ವರ್ಷ ಅವರ ಕಿವಿ, ನನ್ನ ಕೈ. ಈಗ ಮೊಬೈಲಿನಲ್ಲಿ ಸ್ವರ ಅಳೆಯುವ ಮುಳ್ಳು ನೋಡಿಕೊಂಡು ಶ್ರುತಿ ಮಾಡುತ್ತೇನೆ. ಮಧ್ಯಾಹ್ನ ಬಿಚ್ಚಿಟ್ಟ ಪೆಟ್ಟಿಗೆಗಳ ನಡುವೆ ತೂಕಡಿಸುವಾಗ ಫ್ಯಾನಿನ ಗಾಳಿಗೆ ಯಾವುದೋ ಒಂದು ಸ್ವರ ತಾನಾಗಿ ನುಡಿದಂತಾಗುತ್ತದೆ. ಎದ್ದು, ಸರಿಯಾಯ್ತೇನ್ರೀ ಎಂದು ಕೇಳಿಬಿಡುತ್ತೇನೆ. ಯಾರೂ ಇರುವುದಿಲ್ಲ.

ಇನ್ನೊಂದು. ದೀಕ್ಷಾಸ್ನಾನ ನಾನೂ ತಗೊಂಡವಳೇ. ನನಗೆ ಅದು ಮದುವೆಗೆ ಮುಂಚೆ ಮುಗಿಸಬೇಕಿದ್ದ ಒಂದು ಕೆಲಸ. ಹದಿನೆಂಟು ವರ್ಷ ಚರ್ಚಿನ ಬೆಂಚಿನ ಮೇಲೆ ಕೂತು ಎದ್ದೆ, ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ನಿನಗೆ, ನೀರು ಹಾಕಲು ಹೋದವನಿಗೆ, ಕುಡಿದವನಿಗೆ, ಕರೆ ಬಂತು. ಹೊಟ್ಟೆಕಿಚ್ಚಾಗುತ್ತದೆ ಕಣೋ.

ದಿವ್ಯ


ಬೆಟಗೇರಿ
3 ಮಾರ್ಚ್ 2025

ಶ್ರೀನಿವಾಸ್ ಅವರಿಗೆ,

ಕಾಗದ ತಲುಪಿತು. ಹೆಸರು ಕೊಟ್ಟವಳು ನಾನಲ್ಲ. ಜಾತ್ರೆ, ಭಜನೆಗಳ ಕಾಲವಾದ್ದರಿಂದ ರಿಪೇರಿ ಕೆಲಸ ಬಹಳ ಇದೆ. ಸದ್ಯಕ್ಕೆ ಬರುವುದು ಬೇಡ.

ದಿವ್ಯ


ಮಹದೇವಪುರ
20 ಏಪ್ರಿಲ್ 2025, ಈಸ್ಟರ್

ದಿವ್ಯ,

ಬೆಳಗಿನ ಜಾವದ ಆರಾಧನೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಹಲಸೂರು ಕೆರೆಯ ಪಕ್ಕದಲ್ಲಿ ಬರುವಾಗ ನೀರಿನ ಮೇಲೆ ಮಂಜಿನ ತೆರೆ ಇತ್ತು. ದೋಣಿಮನೆ, ಮರ, ಮಿಲಿಟರಿ ಗೋಡೆ ಎಲ್ಲ ನೀರಿನಿಂದ ಈಗಷ್ಟೇ ಎದ್ದ ಹಾಗೆ ಕಾಣಿಸಿತು. ಬೈಕು ನಿಲ್ಲಿಸಿ ಸುಮ್ಮನೆ ನೋಡಿದೆ. ಮೊದಲಾದರೆ ಆ ರಸ್ತೆಯಲ್ಲಿ ನನಗೆ ಕಾಣುತ್ತಿದ್ದುದು ಅಡ್ಡ ಬರುವ ಆಟೋ ಮಾತ್ರ.

ಪೂರ್ತಿ ಬದಲಾಗಿಬಿಟ್ಟಿದ್ದೇನೆ ಎಂದು ತಿಳಿಯಬೇಡ. ಮಾರ್ಚಿನಲ್ಲಿ ಫಹೀಮ್ ಪೈಪು ಸಡಿಲ ಬಿಟ್ಟು ನೀರೆಲ್ಲ ಪೋಲು ಮಾಡಿದ. ನನ್ನ ಕೈ ನನ್ನನ್ನು ಕೇಳದೆ ಎದ್ದು ಅವನ ಕೆನ್ನೆಗೆ ಬಿತ್ತು. ನಾಯಿಬಾಲ ಡೊಂಕೇ ಅಲ್ಲವೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಎರಡು ದಿನ ಒದ್ದಾಡಿ ಮೂರನೇ ದಿನ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದೆ ಅವನ ಮನೆ. ರಂಜಾನ್ ಸಂಜೆ, ಉಪವಾಸ ಬಿಡುವ ಹೊತ್ತು. ಅವನ ತಾಯಿಯ ಎದುರಿಗೇ ತಪ್ಪಾಯ್ತು ಎಂದೆ. ಆ ತಾಯಿ ಖರ್ಜೂರ ಕೈಗಿಟ್ಟು ಗಂಜಿ ಬಡಿಸಿದರು. ಹದಿನೆಂಟು ವರ್ಷದ ಹಿಂದೆ ಆ ವಾದ್ಯದಂಗಡಿ ಇದ್ದ ಗಲ್ಲಿ ಅಲ್ಲಿಂದ ಎರಡೇ ಹೆಜ್ಜೆ. ಅಂಗಡಿ ಈಗಿಲ್ಲ, ಮೊಬೈಲ್ ಕವರು ಮಾರುತ್ತಾರೆ.

ನಿಮ್ಮತ್ತಿಗೆ ಇನ್ನೂ ನಂಬಿಲ್ಲ. ಮೊದಲೆಲ್ಲ ಗೇಟಿನ ಹತ್ತಿರ ಬೈಕು ನಿಲ್ಲುವ ಸದ್ದಿನಿಂದಲೇ ಇವತ್ತು ಎಷ್ಟು ಕುಡಿದಿದ್ದೇನೆ ಎಂದು ಲೆಕ್ಕ ಹಾಕಿ, ವೈಷ್ಣವಿಯನ್ನು ಒಳಕೋಣೆಗೆ ಕಳಿಸುತ್ತಿದ್ದಳಂತೆ. ಇದನ್ನು ನನಗೆ ಹೇಳಿದವಳು ವೈಷ್ಣವಿ. ಮೊನ್ನೆ ನಾನು ಬಂದಾಗ ಹುಡುಗಿ ನಡುಮನೆಯಲ್ಲೇ ಕಾಲು ಚಾಚಿ ಕೂತು ಟಿವಿ ನೋಡುತ್ತಿದ್ದಳು, ಏಳಲಿಲ್ಲ. ಅಪ್ಪ ಬಂದರೆ ಏಳಬಾರದಾ ಎಂದು ಅವರಮ್ಮ ಗದರಿದಳು. ಬೇಡ, ಕೂತಿರಲಿ ಎಂದೆ. ಅವತ್ತು ನನಗಾದ ಸಂತೋಷಕ್ಕೆ ಹೆಸರಿಲ್ಲ.

ಈಗ ಮುಖ್ಯವಾದ ಮಾತು. ಜ್ಞಾನಮ್ಮ ಪ್ರತಿ ಹೊಸವರ್ಷಕ್ಕೆ ಒಂದು ಹೊಸ ನೋಟ್‌ಬುಕ್ ತಗೊಂಡು, ಉತ್ತರ ಸಿಗದ ಹೆಸರುಗಳನ್ನೆಲ್ಲ ಹಳೆಯದರಿಂದ ಎತ್ತಿ ಬರೆಯುತ್ತಾರೆ. ಹಳೆಯ ಪುಸ್ತಕಗಳು ತಗಡಿನ ಟ್ರಂಕಿನಲ್ಲಿವೆ. ಶುಭ ಶುಕ್ರವಾರದ ದಿನ ಕೂತು ಒಂದೊಂದನ್ನೇ ಹಿಂದಕ್ಕೆ ತಿರುವಿದೆ. ನನ್ನ ಹೆಸರು ಮೊದಲು ಬರೆದದ್ದು 2007ರ ಆಗಸ್ಟ್ ಮೂವತ್ತೊಂದರಂದು. ಕೊಟ್ಟವರು ಎಂಬ ಕಡೆ 'ಜಯಪಾಲ' ಎಂದಿದೆ. ಅದಕ್ಕೆ ಮುಂಚಿನ ಪುಟಗಳಲ್ಲೂ ಅವರು ಬರೆದದ್ದು ಇದೆ, ಅಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ಮುತ್ತು ಪೋಣಿಸಿದಂಥ ಅಕ್ಷರ. ನನ್ನ ಹೆಸರನ್ನು ಬರೆದದ್ದು ಮಾತ್ರ ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ. ಎಡಗೈ.

ಶಟರ್ ಎಳೆದದ್ದು ಆಗಸ್ಟ್ ಇಪ್ಪತ್ತು. ಹನ್ನೊಂದೇ ದಿನ, ದಿವ್ಯ. ಬ್ಯಾಂಡೇಜು ಬಿಚ್ಚುವ ಮೊದಲೇ ಹೋಗಿ, ತಮ್ಮ ಕೈಗಲ್ಲ, ನನ್ನ ಕೈಗೆ ಗುಣವಾಗಲಿ ಎಂದು ಬರೆದಿದ್ದಾರೆ. ನಾನು ಅವರನ್ನು ನೋಡಲೇಬೇಕು. ದೂರದಿಂದಾದರೂ ಸರಿ.

ಸೀನ


ಬೆಟಗೇರಿ
19 ಮೇ 2025

ಸೀನಣ್ಣ,

ನಿನ್ನ ಈಸ್ಟರ್ ಕಾಗದ ಓದಿದ ದಿನ ಅಂಗಡಿ ಮುಚ್ಚಿದೆ, ಒಂದು ವಾರ ತೆಗೆಯಲಿಲ್ಲ.

ಅವರು ಇಲ್ಲ. 2021ರ ಮೇ ಹದಿನಾಲ್ಕಕ್ಕೆ ತೀರಿಕೊಂಡರು. ಆಸ್ಪತ್ರೆಯ ಗಾಜಿನ ಆಚೆಯಿಂದ ಕೈ ಎತ್ತಿ ತೋರಿಸಿದ್ದೇ ಕೊನೆ. ನಾನು ನಿನ್ನಿಂದ ಮುಚ್ಚಿಟ್ಟೆ, ಬೇಕೆಂದೇ ಮುಚ್ಚಿಟ್ಟೆ. ಅದಕ್ಕೆ ಕಾರಣವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಕಳಿಸುವ ಧೈರ್ಯವಿಲ್ಲ. ಆ ಹೆಂಗಸರಿಗೆ ಹೇಳಿಬಿಡು. ಪಾಪ, ಸುಮ್ಮನೆ ಹಸಿದಿರಬೇಡಿ ಎನ್ನು.

ಈಗ ನನ್ನ ಸಿಟ್ಟು ಯಾರ ಮೇಲೆ ಎಂದು ಹೇಳಲೆ? ಅವರ ಮೇಲೆ. ನಿನ್ನ ಹೆಸರನ್ನು ಈ ಮನೆಯಲ್ಲಿ ಎತ್ತಕೂಡದು ಎಂದು ಮೊದಲ ದಿನವೇ ಆಣೆ ಹಾಕಿಸಿಕೊಂಡಿದ್ದೆ. ಅವರು ಎತ್ತಲಿಲ್ಲ. ಆದರೆ ಶುಕ್ರವಾರ ಮಧ್ಯಾಹ್ನ ಊಟ ಮಾಡುತ್ತಿರಲಿಲ್ಲ. ಪಿತ್ತ ಜಾಸ್ತಿಯಾಗಿದೆ, ಒಂದು ಹೊತ್ತು ಬಿಟ್ಟರೆ ಒಳ್ಳೆಯದು ಎನ್ನುತ್ತಿದ್ದರು. ಹದಿಮೂರು ವರ್ಷ ಶುಕ್ರವಾರ ತಪ್ಪದೆ ಜೀರಿಗೆ ಕಷಾಯ ಮಾಡಿ ಕೊಟ್ಟವಳು ನಾನು. ಯಾವ ಪಿತ್ತ ಎಂದು ನಿನ್ನ ಕಾಗದ ಓದಿದ ಮೇಲೆ ತಿಳಿಯಿತು. ನಾನು ಕಷಾಯ ಕುದಿಸುತ್ತಿದ್ದದ್ದು ನಿನಗಾಗಿ.

ಅವರ ಕೈಗಾಗಿ ನಾನು ದ್ವೇಷ ಕಾಯ್ದುಕೊಂಡೆ. ಅದೇ ನನ್ನ ಪಾತಿವ್ರತ್ಯ ಎಂದುಕೊಂಡಿದ್ದೆ. ಅವರೋ ನನ್ನನ್ನು ಒಂದು ಮಾತು ಕೇಳದೆ ಹನ್ನೊಂದೇ ದಿನಕ್ಕೆ ಕ್ಷಮಿಸಿ ಮುಗಿಸಿಬಿಟ್ಟಿದ್ದಾರೆ. ಹಾಗಾದರೆ ಇಷ್ಟು ವರ್ಷ ನಾನು ಕಾವಲು ಕೂತಿದ್ದು ಯಾವುದಕ್ಕೆ? ಅವರ ಫೋಟೋದ ಮುಂದೆ ನಿಂತು ಜಗಳವಾಡಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ಮನೆಯಲ್ಲಿದ್ದಾರೆ ಅನಿಸಿತು.

ನೀನು ಕೇಳಬೇಕಿದ್ದದ್ದನ್ನು ಕೇಳುವ ಮೊದಲೇ ಅವರು ಕೊಟ್ಟಾಗಿದೆ. ನನ್ನ ಹತ್ತಿರ ಕೊಡಲು ಏನೂ ಇಲ್ಲ. ಬರಬೇಡ.

ದಿವ್ಯ


ಬೆಟಗೇರಿ
24 ಜೂನ್ 2025

ಸೀನಣ್ಣ,

ಒಂದು ತಿಂಗಳಿಂದ ಕಾಗದವಿಲ್ಲ. ನಾನು ಬರೆದದ್ದಕ್ಕೆ ನೊಂದುಕೊಂಡಿರಬೇಕು, ಇಲ್ಲವೇ ಹಳೆಯ ದಾರಿ ಹಿಡಿದಿರಬೇಕು ಎಂದುಕೊಂಡಿದ್ದೆ. ಎರಡನೆಯದನ್ನೇ ಜಾಸ್ತಿ ನಂಬಿದ್ದೆ.

ನಿನ್ನೆ ಸಮಾಧಿಗೆ ಹೂವಿಡಲು ಹೋದಾಗ ಅಲ್ಲಿನ ಕಾವಲುಗಾರ ಹೇಳಿದ: "ಅಕ್ಕಾರ, ಹತ್ತು ದಿನದ ಹಿಂದ, ಶುಕ್ರವಾರ, ಬೆಂಗಳೂರ ಕಡೇವ್ರು ಒಬ್ರು ಬಂದಿದ್ರೀ. ಮುಂಜಾನಿ ಬಂದು ಕುಂತವ್ರು ಸಂಜಿಗೆ ಎದ್ರು. ನೀರು ಸೈತ ಕುಡೀಲಿಲ್ರಿ." ಆಳು ಎತ್ತರ, ಹಣೆಯ ಮೇಲೆ ಗಾಯದ ಗುರುತು, ಕಲ್ಲಿನ ಸುತ್ತಲಿನ ಕಳೆಯನ್ನೆಲ್ಲ ಕಿತ್ತು ಗುಡ್ಡೆ ಹಾಕಿ ಹೋದ ಎಂದ.

ಅಲ್ಲಿಂದ ನಮ್ಮ ಮನೆಗೆ ಐದು ನಿಮಿಷದ ದಾರಿ. ಮನೆಗೆ ಯಾಕೆ ಬರಲಿಲ್ಲ?

ದಿವ್ಯ


ಮಹದೇವಪುರ
30 ಜೂನ್ 2025

ದಿವ್ಯ,

ಬಂದವನು ನಾನೇ. ಜೂನ್ ಹದಿಮೂರು. ನಿನಗೆ ತಿಳಿಯದಿರಲಿ ಎಂದೇ ಬಂದೆ. ನೀನು ಬರಬೇಡ ಎಂದಿದ್ದೆ. ಬೇರೆಯವರ ಬಾಗಿಲನ್ನು ಕೇಳದೆ ನೂಕಿಯೇ ಅರ್ಧ ಆಯಸ್ಸು ಕಳೆದವನು ನಾನು. ನಿನ್ನ ಬಾಗಿಲನ್ನೂ ನೂಕಿದರೆ ನೀರಿನಲ್ಲಿ ಮುಳುಗಿ ಎದ್ದದ್ದಕ್ಕೆ ಏನರ್ಥ? ಬೀದಿಯ ತಿರುವಿನವರೆಗೆ ಬಂದು ಬೋರ್ಡು ನೋಡಿದೆ. ಒಳಗಿನಿಂದ ಒಂದೇ ಸ್ವರ ಮತ್ತೆ ಮತ್ತೆ ಕೇಳುತ್ತಿತ್ತು, ಸ್ವಲ್ಪ ಏರಿ, ಸ್ವಲ್ಪ ಇಳಿದು. ನೀನು ಕೆಲಸದಲ್ಲಿದ್ದೆ. ಅದು ಸರಿಹೋಗುವವರೆಗೆ ನಿಂತು ಕೇಳಿ ಬಸ್ಸಿಗೆ ಹೊರಟೆ.

ಸಮಾಧಿಯ ಹತ್ತಿರ ಏನು ಹೇಳಿದೆ ಎಂದು ನನಗೇ ನೆನಪಿಲ್ಲ. ಬಿಸಿಲಿಗೆ ತಲೆ ತಿರುಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದೆ. ಪಕ್ಕದಲ್ಲಿ ಯಾರೋ ಬಂದು ಕೂತಂತೆ, ಅವರಿಗೂ ಅವಸರವಿಲ್ಲದಂತೆ ಅನಿಸಿತು. ಕಣ್ಣು ಬಿಟ್ಟರೆ ಬೇವಿನ ನೆರಳು ನನ್ನ ಮೇಲೆ ಬಂದಿತ್ತು, ಅಷ್ಟೆ.

ಕಾಕ್ಸ್‌ಟೌನಿನಲ್ಲಿ ವಿಷಯ ಹೇಳಿದೆ. ಜ್ಞಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಸತ್ತವನಿಗೆ ಆರೋಗ್ಯ ಕೇಳಿದ್ವಿ ಪಾ ನಾವು. ಅವನು ಅಲ್ಲಿ ನಮ್ಮೆಲ್ರಿಗಿಂತ ಗಟ್ಟಿಯಾಗಿದಾನೆ, ನಮ್ಮನ್ನ ನೋಡಿ ನಗ್ತಿರ್ತಾನೆ ಬಿಡು."

ನಿನ್ನ ಹತ್ತಿರ ಕೊಡಲು ಏನೂ ಇಲ್ಲ ಎಂದು ಬರೆದಿದ್ದೆ. ನಾನು ಕೇಳುತ್ತಿಲ್ಲ. ದೇವರು ನನ್ನನ್ನು ಕ್ಷಮಿಸಿದ್ದಾನೆ ಎಂದು ಪಾಸ್ಟರು ಹೇಳಿದರು, ನಂಬಿದ್ದೇನೆ. ಭಾವ ಕ್ಷಮಿಸಿದ್ದರು ಎಂಬುದಕ್ಕೆ ಬರವಣಿಗೆಯೇ ಇದೆ. ಆದರೆ ಅವರು ಕ್ಷಮಿಸಿದರು ಎಂದು ಹೇಳಿ ನಿನ್ನ ಬಾಯಿ ಮುಚ್ಚಿಸುವ ಹಕ್ಕು ನನಗಿಲ್ಲ. ನಿನಗಾದದ್ದು ನಿನ್ನದೇ. ಸಾಯುವವರೆಗೂ ನಿನ್ನಿಂದಾಗದಿದ್ದರೆ ಆಗದಿರಲಿ. ನಾನು ಹಗುರಾಗಬೇಕೆಂದು ನೀನು ಅವಸರ ಮಾಡಬೇಡ.

ಸೀನ


ಬೆಟಗೇರಿ
8 ಜುಲೈ 2025

ಅಣ್ಣ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಯಾರಿಗೆ ಓದಿದೆ ಎಂದು ಹೇಳಬೇಕಿಲ್ಲ.

ಅವರ ಹಾಗೆ ಹನ್ನೊಂದು ದಿನಕ್ಕೆ ಮುಗಿಸುವುದು ನನ್ನ ಕೈಲಾಗದು. ನಾನು ನಿಧಾನದವಳು. ಒಂದೊಂದು ಸಲ ಬೆಳಿಗ್ಗೆ ನಿನ್ನನ್ನು ಕ್ಷಮಿಸಿರುತ್ತೇನೆ, ಊಟದ ಹೊತ್ತಿಗೆ ಮತ್ತೆ ಇಲ್ಲ. ಇದನ್ನು ಇಲ್ಲಿನ ಚರ್ಚಿನ ಅಯ್ಯನವರಿಗೆ ಹೇಳಿದೆ. ಅವರು ಉಪದೇಶ ಮಾಡಲಿಲ್ಲ, ಬೆಳಿಗ್ಗೆ ಆಗುತ್ತದಲ್ಲ, ಅಲ್ಲಿಂದ ಶುರು ಮಾಡಮ್ಮ ಎಂದರು. ಹೋದ ಶುಕ್ರವಾರ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಬೇಡುವುದು ಹೇಗೆಂದು ತಿಳಿಯದೆ ಸುಮ್ಮನೆ ಕೂತಿದ್ದೆ. ಹೊರಗೆ ಸಣ್ಣ ಮಳೆ. ಯಾರೂ ಕರೆಯಲಿಲ್ಲ. ಆದರೆ ಕರೆಯದಿದ್ದರೂ ಕೂತಿರಬಹುದು ಎಂದು ಅವತ್ತು ಗೊತ್ತಾಯಿತು.

ನಿನಗೆ ಇನ್ನೂ ಒಂದು ಮಾತು ಹೇಳಿಲ್ಲ. ಫೋನು ಬೇಡ, ಬರೆದು ಕಳಿಸು ಎಂದೆನಲ್ಲ, ನೀನು ಅದನ್ನು ಸಿಟ್ಟು ಎಂದು ತಿಳಿದೆ. ನಾನೂ ಹಾಗೇ ತೋರಿಸಿಕೊಂಡೆ. ಸಿಟ್ಟಲ್ಲ ಅಣ್ಣ, ಭಯ. ಅವತ್ತು ಫೋನಿನಲ್ಲಿ ನೀನು 'ದಿವ್ಯ' ಎಂದದ್ದಕ್ಕೇ ನನ್ನ ಕೈಯಲ್ಲಿದ್ದ ರೀಡು ಉಜ್ಜುವ ಅರ ನೆಲಕ್ಕೆ ಬಿತ್ತು. ನಲವತ್ತರ ಹತ್ತಿರದ ಹೆಂಗಸು ಒಂದು ದನಿಗೆ ಹೆದರಿ ಬಾಗಿಲ ಚಿಲಕ ಹಾಕಿಕೊಂಡಳು ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಗತ್ತಿನಿಂದ ಮೆಸೇಜು ಹಾಕಿದೆ. ಈ ಆರು ತಿಂಗಳ ಕಾಗದಗಳಲ್ಲಿ ಇದ್ದವನಿಗೆ ನಾನು ಹೆದರುವುದಿಲ್ಲ. ಆದರೆ ಅವನನ್ನು ನಾನಿನ್ನೂ ನೋಡಿಲ್ಲ. ನನಗೆ ಗೊತ್ತಿರುವ ಮುಖ ಹಳೆಯದು.

ಅದಕ್ಕೇ ಬಾ. ಮುಂದಿನ ವಾರ, ಹದಿನಾರನೇ ತಾರೀಖು ಬುಧವಾರ, ಬೆಳಿಗ್ಗೆ ಹತ್ತರ ಮೇಲೆ, ಬೀದಿಯಲ್ಲಿ ಬೆಳಕೂ ಜನವೂ ಇರುವಾಗ. ವೈಷ್ಣವಿಯನ್ನೂ ಕರಕೊಂಡು ಬಾ, ಅತ್ತಿಗೆ ಒಪ್ಪಿದರೆ ಅವರನ್ನೂ. ಜೋಳದ ರೊಟ್ಟಿ ಮಾಡುತ್ತೇನೆ. ರುಚಿ ಹಿಡಿಸದಿದ್ದರೆ ಬೈಯಬೇಡ.

ತಿರುವಿನಲ್ಲಿ ನಿಲ್ಲಬೇಡ, ಬಾಗಿಲಿಗೇ ಬಂದು ತಟ್ಟು. ತಟ್ಟಿದ ಸದ್ದಿಗೆ ನನಗೆ ಹೆದರಿಕೆಯಾಗುತ್ತದೆ, ಬಾಗಿಲು ತೆಗೆಯುವುದು ತಡವಾಗುತ್ತದೆ. ಹೊರಟುಹೋಗಬೇಡ. ಅಲ್ಲೇ ಇರು, ನಾನು ಬಂದು ತೆಗೆಯುತ್ತೇನೆ.

ನಿನ್ನ ತಂಗಿ
ದಿವ್ಯ